ಗುನ್ವೋರಳ ಸುತ್ತಿಗೆ

ನಮ್ಮ ಜಾನಪದ ವಿಭಾಗದಲ್ಲಿ ಡಾಕ್ಟರ್ ಆಗಬೇಕಾದರೆ ಬುದ್ಧಿ ಬೇಕು, ತಾಳ್ಮೆ ಬೇಕು, ಐದಾರು ವರ್ಷ ಬೇಕು ಎಂದು ಹೊರಗಿನವರು ತಿಳಿದಿದ್ದಾರೆ. ಒಳಗಿದ್ದವರಿಗೆ ಗೊತ್ತು, ನಿಜವಾಗಿ ಬೇಕಾದದ್ದು ಸುತ್ತಿಗೆ. ಎಲ್ಲರೆದುರು ನಡೆಯುವ ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ಪ್ರಬಂಧದ ಒಂದು ಪ್ರತಿಯನ್ನು ಮೆಟ್ಟಿಲ ಕೆಳಗಿನ ಮರದ ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು; ಸ್ವೀಡನ್ನಿನಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಮೊಳೆ ಬಿದ್ದ ಮೇಲೆ ಪ್ರಬಂಧದ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ತಪ್ಪು ಕಂಡರೆ ಒಂದು ತಪ್ಪು-ಒಪ್ಪು ಚೀಟಿ ಬರೆದು ಒಳಗೆ ಸಿಕ್ಕಿಸಬಹುದು, ಅಷ್ಟೆ. ಆ ಸುತ್ತಿಗೆ ಇರುವುದು ಗುನ್ವೋರ್ ಹೆಡ್‌ಲುಂಡಳ ಮೇಜಿನ ಎರಡನೆಯ ಡ್ರಾಯರಿನಲ್ಲಿ, ಬೀಗದೊಳಗೆ.

ಗುನ್ವೋರ್ ನಮ್ಮ ವಿಭಾಗದ ಗುಮಾಸ್ತೆ. ಅರವತ್ತೆರಡು ವರ್ಷ, ಕುಳ್ಳು, ದಾರ ಕಟ್ಟಿದ ಕನ್ನಡಕ. ಕುಲಪತಿಯನ್ನೂ ನೀನು ಎಂದೇ ಮಾತಾಡಿಸುವ ನಮ್ಮ ದೇಶದಲ್ಲಿ, ಅವಳ ಬಾಗಿಲಲ್ಲಿ ನಿಂತಾಗ ಮಾತ್ರ ಎಷ್ಟೋ ಸಂಶೋಧಕರ ಬಾಯಲ್ಲಿ ಬಹುವಚನ ತಾನಾಗಿ ಬಂದುಬಿಡುತ್ತದೆ. ಪ್ರಬಂಧ ಹಿಡಿದು ಬಂದವರಿಗೆ ಅವಳು ಬಾ, ಕೂತ್ಕೋ ಅನ್ನುವುದಿಲ್ಲ. "ಅಡಿಟಿಪ್ಪಣಿ ತೋರ್ಸು" ಅನ್ನುತ್ತಾಳೆ. ಅಡಿಟಿಪ್ಪಣಿಗಳು ನೆಟ್ಟಗಿದ್ದರೆ ಡ್ರಾಯರಿನ ಬೀಗ ತೆರೆಯುತ್ತದೆ, ಇಲ್ಲವಾದರೆ ಇಲ್ಲ.

ಒಬ್ಬಳು ಪಾಪ ಆಸೆಯಿಂದ ಕೇಳಿದ್ದಳು: "ಗುನ್ವೋರ್, ನಾನು ಬರ್ದಿದ್ದು ಹೇಗಿದೆ ಹೇಳಿ?"

"ನಾನು ಓದಲ್ಲಮ್ಮ, ನೋಡ್ತೀನಿ ಅಷ್ಟೆ. ಓದೋದು ಸಿಕ್ಸ್ಟೆನ್ ಕೆಲಸ. ಅವನು ಓದ್ತಾನೋ ಇಲ್ವೋ ದೇವರಿಗೇ ಗೊತ್ತು."

ಸಿಕ್ಸ್ಟೆನ್ ಎಂದರೆ ನಾನು. ಇಪ್ಪತ್ತು ವರ್ಷದಿಂದ ಇಲ್ಲಿ ಪಾಠ ಹೇಳುತ್ತಿದ್ದೇನೆ, ಹದಿಮೂರು ಮಂದಿಯ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಿದ್ದೇನೆ. ಆ ಮಾತು ಕೇಳಿ ಆಗ ನನಗೆ ಮೈ ಉರಿದಿತ್ತು. ಈಗ ಉರಿಯುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಹತ್ತು ವರ್ಷದ ಹಿಂದೆ ವಿಭಾಗಕ್ಕೆ ದುಡ್ಡು ಕೊಟ್ಟು ಯಾವುದೋ ಹೊಸ ತಂತ್ರಾಂಶ ತರಿಸಿದರು. ಅದರಲ್ಲಿ ಗುನ್ವೋರಳ ಹಳೆಯ ಫೈಲುಗಳು ತೆರೆಯಲೇ ಇಲ್ಲ. ತೆರೆದ ಒಂದೆರಡರಲ್ಲಿ ಅಕ್ಷರದ ಬದಲು ಬರೀ ಚೌಕಗಳು. "ನಾನೇ ಟೈಪ್ ಮಾಡಿದ ಕಾಗದ ನಾನೇ ಓದೋಕೆ ಇನ್ನೊಬ್ಬನ ಅಪ್ಪಣೆ ಬೇಕೇನ್ರೋ?" ಎಂದು ಅವಳು ಕೂಗಾಡಿದ್ದು ಮೂರನೆಯ ಮಹಡಿಗೂ ಕೇಳಿಸಿತಂತೆ. ಅದೇ ವಾರ ಅವಳು ತನ್ನ ಕಂಪ್ಯೂಟರಿಗೆ ಲಿಬ್ರೆಆಫೀಸ್ ಹಾಕಿಕೊಂಡಳು. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು, ಊರಿಗೆಲ್ಲ ಹಂಚಬಹುದು, ಗೊತ್ತಿದ್ದರೆ ಬಿಚ್ಚಿ ರಿಪೇರಿಯನ್ನೂ ಮಾಡಬಹುದು ಎಂಬ ತಂತ್ರಾಂಶ. ಗುರುವಾರದ ಬಟಾಣಿ ಸಾರು ಮುಗಿಸಿ ನಾವೆಲ್ಲ ಊಟದಿಂದ ವಾಪಸ್ ಬರುವಷ್ಟರಲ್ಲಿ ನಮ್ಮ ಕಂಪ್ಯೂಟರುಗಳಿಗೂ ಹಾಕಿಟ್ಟಿದ್ದಳು. ಕೇಳಿದ್ದಕ್ಕೆ, "ಥ್ಯಾಂಕ್ಸ್ ಹೇಳೋದು ಬಿಟ್ಟು ಏನದು ಮುಖ?" ಅಂದಳು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಗ್ರಂಥಗಳ ಪಟ್ಟಿ ತಾನಾಗಿ ಮಾಡಿಕೊಡುವ ಇನ್ನೊಂದು ಪುಟ್ಟ ಮುಕ್ತ ತಂತ್ರಾಂಶವನ್ನು ಎಲ್ಲಿಂದಲೋ ಹುಡುಕಿ ತಂದಳು. ಡೆನ್ಮಾರ್ಕಿನ ಯೂಟ್‌ಲ್ಯಾಂಡಿನಲ್ಲಿ ಯಾರೋ ಒಬ್ಬ ಮನುಷ್ಯ ಬಿಡುವಿನಲ್ಲಿ ಮಾಡುತ್ತಿದ್ದದ್ದು. ಅದಕ್ಕೊಂದು ಚಟ: ಪುಸ್ತಕಕ್ಕೆ ಇಬ್ಬರು ಲೇಖಕರಿದ್ದರೆ ಎರಡನೆಯವರ ಹೆಸರನ್ನು ನುಂಗಿಬಿಡುತ್ತಿತ್ತು. ಗುನ್ವೋರ್ ದೂರು ಬರೆದಳು. ಬೇರೆ ಯಾರೂ ಈ ದೂರು ಹೇಳಿಲ್ಲವಲ್ಲ ಎಂದು ಉತ್ತರ ಬಂತು. ಒಂದು ವರ್ಷವಾದರೂ ರಿಪೇರಿಯಾಗದಿದ್ದಾಗ ಅವಳು ದೂರಿನ ಹುಟ್ಟುಹಬ್ಬ ಆಚರಿಸಿದಳು. ನಿಜವಾಗಿಯೂ ಕೇಕ್ ಮಾಡಿ, ಒಂದು ಮೇಣದ ಬತ್ತಿ ಹಚ್ಚಿ, ಕಾಫಿಯ ಹೊತ್ತಿಗೆ ನಮ್ಮನ್ನೆಲ್ಲ ನಿಲ್ಲಿಸಿ ಹಾಡು ಹೇಳಿಸಿದಳು. ಮರುವರ್ಷ ಎರಡು ಬತ್ತಿ. ನಾಲ್ಕನೆಯ ವರ್ಷ ಕೇಕಿನ ಫೋಟೋ ತೆಗೆದು, ಜೊತೆಗೆ ತಾನೇ ಹೆಣೆದ ಒಂದು ಜೊತೆ ಉಣ್ಣೆಯ ಕಾಲುಚೀಲ ಇಟ್ಟು ಆ ಡೆನ್ಮಾರ್ಕಿನವನಿಗೆ ಕಳಿಸಿದಳು. ಕಾಲು ಬೆಚ್ಚಗಾದರೆ ತಲೆ ಓಡಬಹುದು ಎಂದು ಚೀಟಿ. ಹತ್ತೇ ದಿನಕ್ಕೆ ರಿಪೇರಿಯಾಯಿತು.

"ಒಂದು ಹೆಸರಿಗೋಸ್ಕರ ನಾಲ್ಕು ವರ್ಷ ಇಷ್ಟೆಲ್ಲ ಕುಣೀಬೇಕಿತ್ತಾ?" ಎಂದು ನಾನು ಕೇಳಿದೆ.

"ಬರೆದವರ ಹೆಸರೇ ಬಿಟ್ಟುಹೋದ್ರೆ ಇನ್ನೇನು ಉಳೀತು, ಸಿಕ್ಸ್ಟೆನ್?"

ಗುಮಾಸ್ತೆಯ ಹಟ ಎಂದುಕೊಂಡು ನಾನು ಇನ್ನೊಂದು ತುಂಡು ಕೇಕ್ ಹಾಕಿಸಿಕೊಂಡೆ.

ಇನ್ನು ಅವಳ ಟೆಂಪ್ಲೇಟಿನ ಮಾತು. ಸಂಶೋಧಕರು ಅಂಚು, ತಲೆಬರಹ, ಪುಟಸಂಖ್ಯೆ ಎಂದು ಒದ್ದಾಡುವುದನ್ನು ನೋಡಲಾರದೆ ಗುನ್ವೋರ್ ಪ್ರಬಂಧಕ್ಕೊಂದು ಮಾದರಿ ಫೈಲು ಮಾಡಿಟ್ಟಳು. ಎಲ್ಲ ಅಳತೆಯೂ ಅದರಲ್ಲೇ ಇದೆ. ತೆರೆದು, ನಮ್ಮದನ್ನು ಅದರಲ್ಲಿ ತುಂಬಿದರಾಯಿತು. ಪುಟ ಹೇಗೆ ಕಾಣುತ್ತದೆಂದು ತೋರಿಸಲು ಬೇರೆಯವರು ಅರ್ಥವಿಲ್ಲದ ಲ್ಯಾಟಿನ್ ಹಾಕಿಡುತ್ತಾರೆ. ಇವಳು ತೊಂಬತ್ತು ಪುಟ ಬೇಲಿಯ ವಿಷಯ ಹಾಕಿದ್ದಳು. ಹಳ್ಳಿಯ ಬೇಲಿ, ಅದರ ಗೂಟ, ಅದರ ಕಟ್ಟು. ಮೊದಲ ಪುಟದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಒಂದು ಸಾಲು: "ಇದನ್ನು ಅಳಿಸಿ ನಿಮ್ಮದನ್ನು ಬರೆಯಿರಿ." ಕೊನೆಯ ಪುಟದಲ್ಲಿ ಸಣ್ಣಕ್ಷರದ ಲೈಸೆನ್ಸು. ಲೈಸೆನ್ಸನ್ನು ಯಾರು ಓದುತ್ತಾರೆ ಸ್ವಾಮಿ? ನಾವೆಲ್ಲ 'ಒಪ್ಪಿದ್ದೇನೆ' ಎಂದು ಒತ್ತಿ ಮುಂದೆ ಹೋಗುವ ಜಾತಿ. ಅಳಿಸಿದೆವು, ಬರೆದೆವು, ಸುತ್ತಿಗೆ ಈಸಿಕೊಂಡೆವು. ನಮ್ಮ ಸಂಶೋಧಕರ ನಡುವೆ 'ಬೇಲಿ ಕೀಳುವುದು' ಎಂದರೆ ಪ್ರಬಂಧ ಬರೆಯಲು ಕೂರುವುದು ಎಂದೇ ರೂಢಿಯಾಗಿಹೋಗಿತ್ತು.

ಕಳೆದ ವಸಂತದಲ್ಲಿ ಸುತ್ತಿಗೆ ಕೇಳಿ ಬಂದವನು, ಹಾಗೇ ಬೇಲಿ ಕಿತ್ತು ಬರೆದ ನನ್ನ ವಿದ್ಯಾರ್ಥಿ ಮಾಲ್ಟೆ ಬ್ರಿಂಕ್. ಮೂವತ್ತೊಂದು ವರ್ಷ, ದಕ್ಷಿಣದ ಸ್ಕೋನೆಯವನು, ಮನೆಯಲ್ಲಿ ಆರು ತಿಂಗಳ ಮಗು. ಹಳ್ಳಿಯವರು ಕೂಡಿ ಮಾಡುತ್ತಿದ್ದ ರಿಪೇರಿ ಕೆಲಸಗಳು ಅವನ ವಿಷಯ: ಬಾವಿ, ದಾರಿ, ದೋಣಿಮನೆ, ನಾಲ್ಕನೆಯ ಅಧ್ಯಾಯದಲ್ಲಿ ಬೇಲಿ. ಉತ್ತರದ ಒಂದು ಮ್ಯೂಸಿಯಮ್ಮಿನಲ್ಲಿ ಕೆಲಸವೂ ಗೊತ್ತಾಗಿತ್ತು, ಡಾಕ್ಟರ್ ಆದರೆ ಮಾತ್ರ. ಏಪ್ರಿಲಿನ ಒಂದು ಸೋಮವಾರ ಅಡಿಟಿಪ್ಪಣಿಗಳು ಪಾಸಾದವು, ಸುತ್ತಿಗೆ ಹೊರಬಂತು. ಮೊದಲ ಮೊಳೆ ಡೊಂಕಾಯಿತು, ಎರಡನೆಯದೂ ಡೊಂಕಾಯಿತು. "ಐದು ವರ್ಷ ರಿಪೇರಿ ಕೆಲಸದ ಬಗ್ಗೆ ಬರ್ದವನ ಕೈ ನೋಡ್ರಪ್ಪ!" ಎಂದು ಗುನ್ವೋರ್ ನಗಿಸಿದಳು. ಮೂರನೆಯದು ನಿಂತಿತು. ಏಲಕ್ಕಿ ಬನ್ನು ತಿಂದು ಎಲ್ಲರೂ ಮನೆಗೆ ಹೋದೆವು.

ಮರುವಾರ ಅಚ್ಚಾದ ಪುಸ್ತಕಗಳ ಪೆಟ್ಟಿಗೆ ಬಂತು. ಒಂದು ಪ್ರತಿ ಈಸಿಕೊಳ್ಳಲೆಂದು ನಾನು ಗುನ್ವೋರಳ ಕೋಣೆಗೆ ಹೋದೆ. ಅವಳು ಒಂದನ್ನು ಬಿಡಿಸಿಕೊಂಡು ಕೂತಿದ್ದಳು. ಪುಟ ತಿರುವುತ್ತಿರಲಿಲ್ಲ. ಅವಳು ನೋಡುತ್ತಿರಲಿಲ್ಲ, ಓದುತ್ತಿದ್ದಳು. ಅವಳು ಓದುವುದನ್ನು ನಾನು ಕಂಡದ್ದು ಅದೇ ಮೊದಲು.

"ನೂರ ನಲವತ್ತೇಳನೇ ಪುಟ," ಎಂದು ಪುಸ್ತಕ ನನ್ನ ಕಡೆ ತಳ್ಳಿದಳು. "ಓದು."

ಓದಿದೆ. ಹಳ್ಳಿಯ ಬೇಲಿಯಲ್ಲಿ ಒಂದೊಂದು ಮನೆಗೆ ಒಂದೊಂದು ಪಾಲು. ಹಿಮ ಕರಗಿದ ಕೂಡಲೆ ಲಿಸ್ ಬ್ರಿಟಾ ಎಂಬ ಮುದುಕಿ ಹೆಗಲ ಮೇಲೆ ಸೀಳಿದ ಕೊಂಬೆಯ ಕಟ್ಟು ಹೊತ್ತು ಇಡೀ ಬೇಲಿಯನ್ನು ಸುತ್ತಿ ಬರುತ್ತಾಳೆ. ಯಾರ ಪಾಲು ಬಿದ್ದಿದ್ದರೂ ಎತ್ತಿ ಕಟ್ಟುತ್ತಾಳೆ. ಇದು ನಿಮ್ಮ ಪಾಲಲ್ಲವಲ್ಲ ಎಂದು ಕೇಳಿದರೆ ನಗುತ್ತಾಳೆ: "ಇದು ಯಾರ ಪಾಲಿನ ಬೇಲಿ ಅಂತ ಹಸು ಕೇಳುತ್ತಾ?"

"ತುಂಬ ಚೆನ್ನಾಗಿದೆ," ಅಂದೆ. "ಇಡೀ ಪ್ರಬಂಧದಲ್ಲೇ ಒಳ್ಳೆ ಜಾಗ ಇದು. ಕರಡಿನಲ್ಲೇ ನಾನು ಪಕ್ಕದಲ್ಲಿ ಬರ್ದಿದ್ದೆ, ಹೀಗೇ ಬರೆ ಅಂತ."

"ಬರ್ದಿದ್ಯಾ?"

"ಹೂಂ, ಕೆಂಪು ಇಂಕಲ್ಲಿ."

"ಅದು ನಂದು," ಅಂದಳು ಗುನ್ವೋರ್.

ನನಗೆ ಅರ್ಥವಾಗಲಿಲ್ಲ. ಅವಳು ತನ್ನ ಟೆಂಪ್ಲೇಟ್ ತೆರೆದು, ನಾಲ್ಕನೆಯ ಅಧ್ಯಾಯಕ್ಕೆ ಹೋಗಿ ತೋರಿಸಿದಳು. ಅಕ್ಷರಕ್ಕೆ ಅಕ್ಷರ ಅದೇ. ಮಾಲ್ಟೆ ಸುತ್ತಮುತ್ತಲಿನದೆಲ್ಲ ಅಳಿಸಿ ತನ್ನದನ್ನು ತುಂಬುವಾಗ ಒಂದೂವರೆ ಪುಟ ಅಲ್ಲೇ ಉಳಿದುಬಿಟ್ಟಿತ್ತು. ಅರವತ್ತು ಮಂದಿ ಹಳ್ಳಿಗರನ್ನು ಮಾತಾಡಿಸಿದ್ದವನಿಗೆ ಅವರಲ್ಲಿ ಲಿಸ್ ಬ್ರಿಟಾ ಎಂಬೊಬ್ಬಳು ಇದ್ದಳೋ ಇಲ್ಲವೋ ನೆನಪಿರಲಿಲ್ಲ. ನಾನು ಆರು ಸಲ ಓದಿ ಆರು ಸಲವೂ ತಲೆದೂಗಿದ್ದೆ. ಆ ಭಾಗದಲ್ಲಿ ಒಂದೂ ಅಡಿಟಿಪ್ಪಣಿ ಇರಲಿಲ್ಲ, ಹಾಗಾಗಿ ಗುನ್ವೋರಳ ಕನ್ನಡಕವೂ ಅಲ್ಲಿ ನಿಂತಿರಲಿಲ್ಲ.

ಅವಳು ಬೀರುವಿನ ಮೇಲಿಂದ ಒಂದು ಹಳೆಯ ಬೂಟಿನ ಪೆಟ್ಟಿಗೆ ಇಳಿಸಿದಳು. ಒಳಗೆ ೧೯೮೫ರ ವಸಂತದ ಟಿಪ್ಪಣಿಗಳು, ದಾಲಾರ್ನಾ ಸೀಮೆಯ ಏಳು ಹಳ್ಳಿಯ ಬೇಲಿಗಳ ನಕಾಶೆ, ತಲೆಗೆ ಬಟ್ಟೆ ಕಟ್ಟಿದ ಮುದುಕಿಯೊಬ್ಬಳ ಫೋಟೋ. ಗುನ್ವೋರ್ ಈ ವಿಭಾಗಕ್ಕೆ ಬಂದದ್ದು ಸಂಶೋಧನೆಗೆ. ಎರಡು ವರ್ಷದ ಮೇಲೆ ಆಗಿನ ಪ್ರೊಫೆಸರು, ಬೇಲಿಯ ಕಥೆ ಯಾರಿಗೆ ಬೇಕು ಎಂದು ಅನುದಾನ ನಿಲ್ಲಿಸಿದರಂತೆ. ಆರು ತಿಂಗಳ ಮಟ್ಟಿಗೆ ಅಂತ ಗುಮಾಸ್ತೆಯ ಕುರ್ಚಿಯಲ್ಲಿ ಕೂತವಳು ಆಮೇಲೆ ಏಳಲೇ ಇಲ್ಲ.

"ಟೆಂಪ್ಲೇಟಿನಲ್ಲಿ ಯಾಕೆ ಹಾಕಿದೆ ಮಾರಾಯ್ತಿ?" ಎಂದು ಕೇಳಿದೆ.

"ಪೆಟ್ಟಿಗೇಲಿಟ್ರೆ ಯಾರೂ ಓದಲ್ಲ. ಟೆಂಪ್ಲೇಟಲ್ಲಿಟ್ರೆ, ಅಳಿಸೋಕೆ ಮುಂಚೆ ಯಾರಾದ್ರೂ ಒಬ್ರು ಓದಬಹುದು ಅಂದ್ಕೊಂಡೆ." ಮೂಗು ಒರೆಸಿಕೊಂಡಳು. "ಹತ್ತು ವರ್ಷ. ಎಲ್ರೂ ಶಿಸ್ತಾಗಿ ಅಳಿಸಿದ್ರು. ನೀನೂ."

ಹೌದು, ನಾನೂ. ನನ್ನ ಎರಡು ಪುಸ್ತಕಗಳನ್ನು ನಾನು ಅದೇ ಬೇಲಿ ಕಿತ್ತು ಬರೆದವನು. ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

ಏನು ಮಾಡುವುದು? ಇನ್ನೊಬ್ಬರ ಬರಹವನ್ನು ಹೆಸರಿಲ್ಲದೆ ಸೇರಿಸಿದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಳ್ಳತನವಿಲ್ಲ. ಬಾಯಿಬಿಟ್ಟರೆ ಪರೀಕ್ಷೆ ನಿಲ್ಲುತ್ತದೆ, ಮಾಲ್ಟೆಯ ಕೆಲಸ ಹೋಗುತ್ತದೆ. ಬಿಡದಿದ್ದರೆ ಗುನ್ವೋರ್ ಜೀವಮಾನದಲ್ಲಿ ಬರೆದದ್ದರಲ್ಲಿ ಅಚ್ಚು ಕಂಡ ಒಂದೇ ತುಣುಕು ಇನ್ನೊಬ್ಬನ ಹೆಸರಲ್ಲಿ ಶಾಶ್ವತವಾಗಿ ಉಳಿಯುತ್ತದೆ.

"ಸುಮ್ನಿದ್ದುಬಿಡು," ಅಂದಳು. "ಬೇಕೂಂತ ಮಾಡಿದ್ದಲ್ಲ. ಮನೇಲಿ ಕೂಸಿದೆ."

"ಆದ್ರೆ ನಿನ್ನ ಹೆಸರು, ಗುನ್ವೋರ್…"

"ಸುಮ್ನಿರು ಅಂದ್ನಲ್ಲ!"

ಸುಮ್ಮನಾದೆ. ಅವಳಿಗಾಗಿ ಸುಮ್ಮನಾದೆ ಎಂದು ಹೇಳಿಕೊಳ್ಳಬಹುದು. ಆರು ಸಲ ಓದಿದ ಗೈಡಿನ ಮಾನವೂ ಉಳಿಯಿತಲ್ಲ ಎಂಬ ಸಮಾಧಾನ ಒಳಗೊಳಗೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ದಿನ ಅವಳು ಕಾಫಿಗೆ ಬರಲಿಲ್ಲ.

ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ಮಾಲ್ಟೆಯ ಅಪ್ಪ ಅಮ್ಮ ಬಂದಿದ್ದರು, ಹೆಂಡತಿ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಕೊನೆಯ ಸಾಲಿನಲ್ಲಿ, ಪರೀಕ್ಷೆ ಮುಗಿದ ಮೇಲಿನ ಪಾರ್ಟಿಗೆ ಬೇಕಾದ ಕಾಫಿ ಫ್ಲಾಸ್ಕುಗಳ ಪಕ್ಕ ಗುನ್ವೋರ್. ಇಂಥ ಪರೀಕ್ಷೆಗೆ ಪ್ರಶ್ನೆ ಕೇಳಲೆಂದೇ ಹೊರಗಿನಿಂದ ಒಬ್ಬ ಎದುರಾಳಿಯನ್ನು ಕರೆಸುತ್ತಾರೆ. ನಾರ್ವೆಯ ಬೆರ್ಗೆನ್ನಿನಿಂದ ಬಂದ ಸಿಗ್ರುನ್ ಟ್ವೇಟ್ ಎಂಬ ಪ್ರೊಫೆಸರ್ ಬಾವಿಯ ಬಗ್ಗೆ ಕೇಳಿದಳು, ದಾರಿಯ ಬಗ್ಗೆ ಕೇಳಿದಳು, ಮಾಲ್ಟೆ ಚೆನ್ನಾಗಿಯೇ ಹೇಳಿದ. ಆಮೇಲೆ ಅವಳು ಕನ್ನಡಕ ತೆಗೆದಿಟ್ಟು ನಕ್ಕಳು.

"ನೂರ ನಲವತ್ತೇಳು. ರೈಲಿನಲ್ಲಿ ಬರ್ತಾ ಎರಡು ಸಲ ಓದ್ದೆ. ಈ ಲಿಸ್ ಬ್ರಿಟಾ ಯಾರು? ಯಾವ ಊರು? ನೀನು ಅವಳನ್ನ ಯಾವಾಗ ಮಾತಾಡ್ಸಿದ್ದು?"

ಮಾಲ್ಟೆ ಪುಟ ತೆಗೆದ. ತನ್ನ ಟಿಪ್ಪಣಿಯ ಕಟ್ಟಿನಲ್ಲಿ ಹುಡುಕಿದ. ಮತ್ತೆ ಪುಟಕ್ಕೆ ಬಂದು, ಈ ಸಲ ನಿಧಾನವಾಗಿ ಓದಿದ. ಅವನ ಮುಖದ ಬಣ್ಣ ಇಳಿಯುವುದು ನಮಗೆಲ್ಲ ಕಾಣಿಸಿತು. ಹಳೆಯ ದಾಖಲೆಯಲ್ಲಿ ಸಿಕ್ಕಿದ್ದು ಎಂದುಬಿಟ್ಟಿದ್ದರೆ ಯಾರೂ ಕೆದಕುತ್ತಿರಲಿಲ್ಲ, ಹಾಗೆ ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೊತ್ತಿಲ್ಲ," ಅಂದ ಮಾಲ್ಟೆ. "ಇದು ನಾನು ಬರ್ದಿದ್ದಲ್ಲ. ಇದು… ಇದು ಟೆಂಪ್ಲೇಟಿಂದು. ಅಳಿಸೋದು ಮರ್ತಿದೀನಿ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷಾ ಸಮಿತಿಯ ಮುಖ್ಯಸ್ಥ ಪೆನ್ನು ಕೆಳಗಿಟ್ಟ. "ಟೆಂಪ್ಲೇಟಂದ್ರೆ? ಬರೆದವರು ಯಾರು?"

"ಕೇಳ್ಲಿಲ್ಲ," ಅಂದ ಮಾಲ್ಟೆ. "ಯಾವತ್ತೂ ಕೇಳ್ಲಿಲ್ಲ."

ನಾನು ಏಳಬೇಕಿತ್ತು. ನನಗೆ ಗೊತ್ತಿತ್ತಲ್ಲ! ನಾನು ಕಾಲೂರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಲೈಸೆನ್ಸ್ ಓದಿದ್ರೆ ಗೊತ್ತಾಗ್ತಿತ್ತು!" ಗುನ್ವೋರ್ ನಿಂತಿದ್ದಳು, ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ. ಕೆಂಡದಂತೆ ಸಿಟ್ಟಾಗಿದ್ದಳು. "ಕೊನೇ ಪುಟದಲ್ಲಿದೆ. ಇದ್ರಲ್ಲಿರೋದನ್ನ ಯಾರು ಬೇಕಾದ್ರೂ ತಗೋಬಹುದು, ಬದಲಾಯಿಸ್ಬಹುದು, ಅಚ್ಚು ಹಾಕಿಸ್ಬಹುದು. ಅವನು ಕದ್ದಿಲ್ಲ, ನಾನು ಕೊಟ್ಟಿದೀನಿ. ಒಂದೇ ಒಂದು ಷರತ್ತು, ಬರೆದವರ ಹೆಸರು ಹಾಕ್ಬೇಕು. ಅದು ಬಿಟ್ಟುಹೋಗಿದೆ. ಬಿಟ್ಟುಹೋದ ಹೆಸರಿಗೆ ತಪ್ಪು-ಒಪ್ಪು ಚೀಟಿ ಇದೆ. ಈಗ್ಲೇ ಬರ್ಕೊಡಪ್ಪ ಮಾಲ್ಟೆ, ಸುಮ್ನೆ ನಿಂತಿದೀಯಲ್ಲ!"

"ಏನಂತ ಬರೀಲಿ?" ಎಂದು ಮಾಲ್ಟೆ ಮೆಲ್ಲಗೆ ಕೇಳಿದ.

ಊರಿನವರ ಹೆಸರಿಗೆಲ್ಲ ಜಗಳವಾಡಿದವಳಿಗೆ ತನ್ನದನ್ನು ಹೇಳಲು ಬಾಯಿ ಬರಲಿಲ್ಲ. ಆಗ ನಾನು ಎದ್ದೆ. "ಪುಟ ನೂರ ನಲವತ್ತೇಳು, ನೂರ ನಲವತ್ತೆಂಟು. ಬರೆದವರು ಗುನ್ವೋರ್ ಹೆಡ್‌ಲುಂಡ್. ಕ್ಷೇತ್ರಕಾರ್ಯ ಸಾವಿರದ ಒಂಬೈನೂರ ಎಂಬತ್ತೈದು," ಎಂದು ಗಟ್ಟಿಯಾಗಿ ಹೇಳಿದೆ.

ಸಿಗ್ರುನ್ ಟ್ವೇಟ್ ತನ್ನ ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಕೂತಳು. "ಹಾಗಾದ್ರೆ ನೀವೇ ಹೇಳ್ಬೇಕು," ಅಂದಳು. ಬೆರ್ಗೆನ್ನಿನ ಪ್ರೊಫೆಸರಿಗೂ ಬಹುವಚನ ಬಂದುಬಿಟ್ಟಿತ್ತು. "ಲಿಸ್ ಬ್ರಿಟಾ ಯಾರು?"

ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವಳನ್ನು ಬೇಲಿಯ ಬಗ್ಗೆ ಕೇಳಿದ್ದರು. ಗುನ್ವೋರ್ ಹದಿನೇಳು ನಿಮಿಷ ಮಾತಾಡಿದಳು, ಫ್ಲಾಸ್ಕಿನ ಮುಚ್ಚಳ ಕೈಯಲ್ಲೇ ಇತ್ತು. ಬಾಯಿಂದಲೇ ಅಡಿಟಿಪ್ಪಣಿ ಕೊಟ್ಟಳು, ಪುಟಸಂಖ್ಯೆ ಸಮೇತ. ಬಾಗಿಲ ಹತ್ತಿರ ಮಗು ಅತ್ತರೂ ಯಾರೂ ತಿರುಗಿ ನೋಡಲಿಲ್ಲ. ಸಮಿತಿ ಒಳಗೆ ಹೋಗಿ ಎರಡು ಗಂಟೆ ಕೂತಿತು, ನಮ್ಮ ಕಾಫಿಯೆಲ್ಲ ಆರಿಹೋಯಿತು. ಕೊನೆಗೆ ಚೀಟಿಯ ಸಮೇತ ಮಾಲ್ಟೆಯನ್ನು ಪಾಸು ಮಾಡಿತು. ಗೈಡಿಗೆ ಮುಂದಿನ ಸಲ ಹೊಸ ಕನ್ನಡಕ ಹಾಕಿಸಿಕೊಳ್ಳಲು ಸಲಹೆ ಕೊಟ್ಟಿತು.

ಸೋಮವಾರ ಬೆಳಿಗ್ಗೆ ಮಾಲ್ಟೆ ಗುನ್ವೋರಳ ಬಾಗಿಲಲ್ಲಿ ನಿಂತು ಸುತ್ತಿಗೆ ಕೇಳಿದ. ನಾನು ಅಲ್ಲೇ ಇದ್ದೆ, ಈಗೀಗ ಅಲ್ಲೇ ಇರುತ್ತೇನೆ.

"ಯಾಕೆ? ನಿಂದು ಹೊಡೆದಾಯ್ತಲ್ಲ."

"ನಂದಲ್ಲ." ಅವನ ಕೈಯಲ್ಲಿ ತೊಂಬತ್ತು ಪುಟದ ಒಂದು ಕಟ್ಟಿತ್ತು. "ನಿಮ್ಮ ಟೆಂಪ್ಲೇಟು ಪೂರ್ತಿ ಪ್ರಿಂಟ್ ತೆಗ್ದೆ. ಲೈಸೆನ್ಸ್ ಓದಿದೀನಿ, ತಗೋಬಹುದು, ಬದಲಾಯಿಸ್ಬಹುದು ಅಂತಿದೆ. ಹೆಸರು ಮುಂದೆ ತಂದು ಹಾಕಿದೀನಿ. ಒಂದು ಸಾಲು ಮಾತ್ರ ಅಳಿಸಿದೀನಿ."

ಗುನ್ವೋರ್ ಕಟ್ಟನ್ನು ತೆಗೆದುಕೊಂಡಳು. ಮೊದಲ ಪುಟದಲ್ಲಿ ಅವಳ ಹೆಸರಿತ್ತು. ನೆತ್ತಿಯ ಮೇಲಿನ ಕೆಂಪು ಸಾಲು ಇರಲಿಲ್ಲ. ಅವಳು ತುಂಬ ಹೊತ್ತು ಆ ಖಾಲಿ ಜಾಗವನ್ನು ನೋಡಿದಳು. ಆಮೇಲೆ ಕನ್ನಡಕ ಏರಿಸಿ, ಒಂದೊಂದೇ ಪುಟ ತಿರುವಿದಳು.

"ಹನ್ನೆರಡನೇ ಅಡಿಟಿಪ್ಪಣಿ ಮುಂದಿನ ಪುಟಕ್ಕೆ ಜಾರಿದೆ," ಅಂದಳು. "ಸರಿ ಮಾಡ್ಕೊಂಡು ಬಾ. ಆಮೇಲೆ ಸುತ್ತಿಗೆ."

ಅವನು ಸರಿ ಮಾಡಿಕೊಂಡು ಬಂದ. ಮಧ್ಯಾಹ್ನ ಮೂವರೂ ಮೆಟ್ಟಿಲಿಳಿದೆವು. ಆ ಹಲಗೆಗೆ ಪ್ರಬಂಧ ಬಿಟ್ಟು ಬೇರೇನೂ ಹೊಡೆಯಬಾರದೆಂಬ ನಿಯಮವಿದೆ, ಬರೆದು ಅಂಟಿಸಿದವಳು ನೀನೇ ಎಂದು ನಾನು ನೆನಪಿಸಿದೆ.

"ಗೊತ್ತು. ಬಾಯಿ ಮುಚ್ಕೊಂಡು ಮೊಳೆ ಹಿಡ್ಕೋ."

ಹಿಡಿದುಕೊಂಡೆ. ಆಗಲೇ ನನಗೆ ಹೊಳೆದದ್ದು: ಮೂವತ್ತೈದು ವರ್ಷ ಸುತ್ತಿಗೆ ಕಾದವಳು ಒಂದು ದಿನವೂ ಒಂದು ಮೊಳೆ ಹೊಡೆದವಳಲ್ಲ. ಅವಳ ಕಣ್ಣು ತುಂಬಿತ್ತು, ಮೊಳೆ ಅವಳಿಗೆ ಕಾಣಿಸುತ್ತಿದ್ದಂತೆಯೂ ಇರಲಿಲ್ಲ. ಕೈ ತೆಗೆಯಬಹುದಿತ್ತು, ತೆಗೆಯಲಿಲ್ಲ.

ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ ಈಗ ಎರಡು ತಿಂಗಳು. ಏನಾಯಿತೆಂದು ಕೇಳಿದವರಿಗೆ, ಕೆಳಗೆ ಹೋಗಿ ಹಲಗೆ ನೋಡಿ, ಅಲ್ಲೇ ನಿಂತು ಓದಿ ಎನ್ನುತ್ತೇನೆ.